ಒಂದೇ ಹಲಗೆ, ಆರು ಹೊತ್ತು: ಹಿರೋಶಿ ಯೋಶಿದಾ ಕುರಿತು ಓದುಗರ ಪ್ರಶ್ನೆಗಳು

ಜಪಾನಿನ ನಿಸರ್ಗ ಚಿತ್ರಕಾರ ಹಿರೋಶಿ ಯೋಶಿದಾ (1876–1950) ಅವರ ಸಿಂಹಾವಲೋಕನ ಪ್ರದರ್ಶನಗಳ ಬಗ್ಗೆ ಹಿಂದಿನ ಸಂಚಿಕೆಯ ಈ ಅಂಕಣದಲ್ಲಿ ಬರೆದಿದ್ದೆ. ಅವರು ತೀರಿಕೊಂಡು 70 ವರ್ಷ ತುಂಬಿದ ನೆನಪಿಗೆ ಟೋಕಿಯೊ ಮಹಾನಗರ ಕಲಾ ಸಂಗ್ರಹಾಲಯವು 2021ರಲ್ಲಿ ದೊಡ್ಡ ಪ್ರದರ್ಶನವೊಂದನ್ನು ಏರ್ಪಡಿಸಿತ್ತು. 2024ರಲ್ಲಿ ಲಂಡನ್ನಿನ ಡಲಿಚ್ ಪಿಕ್ಚರ್ ಗ್ಯಾಲರಿಯು ಯೋಶಿದಾ ಕುಟುಂಬದ ಮೂರು ತಲೆಮಾರುಗಳ ಕೆಲಸವನ್ನು ಒಟ್ಟಿಗೆ ತೋರಿಸಿತು. ಆ ಬರಹಕ್ಕೆ ಬಂದ ಪತ್ರಗಳಲ್ಲಿ ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಒಬ್ಬ ಕಲಾವಿದರ ಇಡೀ ಬದುಕಿನ ಚಿತ್ರಗಳನ್ನು ಒಂದೇ ಕಡೆ ತೂಗುಹಾಕಿದಾಗ ನೂರು ಚಿತ್ರ ದಾಟುವಷ್ಟರಲ್ಲಿ ಕಣ್ಣು ದಣಿದುಬಿಡುತ್ತದೆ. ಇಂಥ ಪ್ರದರ್ಶನವನ್ನು ಹೇಗೆ ನೋಡಬೇಕು?
— ನಿವೃತ್ತ ಅಧ್ಯಾಪಕರು, ಧಾರವಾಡ

ಉತ್ತರ: ಸಂಗ್ರಹಾಲಯದವರು ಸಾಮಾನ್ಯವಾಗಿ ಕಾಲಾನುಕ್ರಮವನ್ನೇ ಅನುಸರಿಸುತ್ತಾರೆ. ಯೋಶಿದಾ ವಿಷಯದಲ್ಲಿ ಅದು ಹುಡುಗುತನದ ಜಲವರ್ಣಗಳಿಂದ ಶುರುವಾಗಿ, ತೈಲವರ್ಣಗಳ ಮೂಲಕ ಹಾದು, ಮರದಚ್ಚಿನ ಚಿತ್ರಗಳಿಗೆ ಬಂದು ನಿಲ್ಲುತ್ತದೆ. ಆ ಕ್ರಮದಲ್ಲಿ ಒಮ್ಮೆ ವೇಗವಾಗಿ ನಡೆದುಬಿಡಿ, ಎಲ್ಲಿಯೂ ಹೆಚ್ಚು ನಿಲ್ಲಬೇಡಿ. ಮತ್ತೆ ಹಿಂದಕ್ಕೆ ಬಂದು ಒಂದೇ ಸ್ಥಳದ ಎರಡು ಮೂರು ಚಿತ್ರಗಳು ಅಕ್ಕಪಕ್ಕದಲ್ಲಿರುವ ಗೋಡೆಯನ್ನು ಹುಡುಕಿ, ಉಳಿದ ಸಮಯವನ್ನೆಲ್ಲ ಅಲ್ಲಿಯೇ ಕಳೆಯಿರಿ ಎಂಬುದು ನನ್ನ ಸಲಹೆ.

ಇದಕ್ಕೆ ಕಾರಣವಿದೆ. ಯೋಶಿದಾ ತಮ್ಮ ಕಾಲದ ಜಪಾನಿ ಚಿತ್ರಕಾರರಲ್ಲಿ ಬಹುಶಃ ಯಾರಿಗಿಂತಲೂ ಹೆಚ್ಚು ಸುತ್ತಿದವರು. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್, ಕೆನಡಾದ ಮೊರೇನ್ ಸರೋವರ, ಸ್ವಿಟ್ಜರ್ಲೆಂಡಿನ ಮ್ಯಾಟರ್‌ಹಾರ್ನ್, ಈಜಿಪ್ಟಿನ ಸ್ಫಿಂಕ್ಸ್, ನಮ್ಮ ತಾಜ್ ಮಹಲ್ ಎಲ್ಲವೂ ಅವರ ಚಿತ್ರಗಳಲ್ಲಿವೆ. ಹಾಗಾಗಿ ನೋಡುವವರು ಊರುಗಳ ಹೆಸರು ಓದುತ್ತ, ಮುಂದಿನ ಊರು ಯಾವುದೆಂದು ಹುಡುಕುತ್ತ ಹೋಗುವ ಅಪಾಯವಿದೆ. ಅವರನ್ನು ದೊಡ್ಡ ಕಲಾವಿದರನ್ನಾಗಿ ಮಾಡಿದ್ದು ಊರುಗಳ ಸಂಖ್ಯೆ ಎಂದು ನನಗೆ ಅನ್ನಿಸುವುದಿಲ್ಲ. ಕಂಡ ಒಂದು ನೋಟವನ್ನು ಟೋಕಿಯೊದ ಕಾರ್ಯಾಗಾರಕ್ಕೆ ತಂದು, ಅದೇ ಹಲಗೆಗಳನ್ನು ಬೇರೆ ಬೇರೆ ಬಣ್ಣದಲ್ಲಿ ಮತ್ತೆ ಮತ್ತೆ ಅಚ್ಚೊತ್ತಿ, ಆ ನೋಟದ ಮೇಲೆ ಹೊತ್ತು ಸರಿಯುವುದನ್ನು ತೋರಿಸಿದ ಛಲವೇ ಅವರ ನಿಜವಾದ ಸಾಧನೆ. ಪುಸ್ತಕದಲ್ಲಿ ಪುಟ ತಿರುಗಿಸಿ ನೋಡುವವರಿಗೆ ಇದು ದಕ್ಕುವುದು ಕಷ್ಟ. ಎಲ್ಲ ಆವೃತ್ತಿಗಳನ್ನೂ ಒಂದೇ ಗೋಡೆಯ ಮೇಲೆ ತರಬಲ್ಲದ್ದು ಸಿಂಹಾವಲೋಕನ ಪ್ರದರ್ಶನ ಮಾತ್ರ.

ಪ್ರಶ್ನೆ: ಯೋಶಿದಾ ಪಾಶ್ಚಾತ್ಯ ಶೈಲಿಯ ತೈಲವರ್ಣ, ಜಲವರ್ಣ ಕಲಿತವರೆಂದು ಬರೆದಿದ್ದಿರಿ. ಹಾಗಿದ್ದರೆ ನಡುವಯಸ್ಸಿನಲ್ಲಿ ಮರದಚ್ಚಿನ ಕಡೆಗೆ ಏಕೆ ಹೊರಳಿದರು?
— ಚಿತ್ರಕಲಾ ವಿದ್ಯಾರ್ಥಿ, ಹಾವೇರಿ

ಉತ್ತರ: ಸ್ವಲ್ಪ ಹಿಂದಿನಿಂದ ಹೇಳಬೇಕಾಗುತ್ತದೆ. ಅವರು ಹುಟ್ಟಿದ್ದು ಕ್ಯೂಶೂ ದ್ವೀಪದ ಕುರುಮೆ ಎಂಬ ಊರಿನ ಉಎದಾ ಮನೆತನದಲ್ಲಿ. ಹುಡುಗನ ಕೈಚಳಕವನ್ನು ಕಂಡ ಚಿತ್ರಕಲಾ ಶಿಕ್ಷಕ ಕಸಾಬುರೊ ಯೋಶಿದಾ 1891ರಲ್ಲಿ ಅವನನ್ನು ದತ್ತು ತೆಗೆದುಕೊಂಡರು. ಯೋಶಿದಾ ಎಂಬ ಮನೆತನದ ಹೆಸರು ಬಂದದ್ದು ಹೀಗೆ. ಕ್ಯೋಟೊ ಮತ್ತು ಟೋಕಿಯೊಗಳಲ್ಲಿ ಕಲಿಕೆ ಮುಗಿಸಿ, 1899ರಲ್ಲಿ ಗೆಳೆಯ ಹಚಿರೊ ನಕಗಾವಾ ಜೊತೆ ಅಮೆರಿಕಕ್ಕೆ ಹಡಗು ಹತ್ತಿದಾಗ ಅವರ ಕೈಯಲ್ಲಿ ಹೋಗುವುದಕ್ಕೆ ಸಾಕಾಗುವಷ್ಟು ಹಣವಿತ್ತೇ ಹೊರತು ಹಿಂದಿರುಗುವುದಕ್ಕೆ ಇರಲಿಲ್ಲ. ಡೆಟ್ರಾಯ್ಟ್ ಕಲಾ ಸಂಗ್ರಹಾಲಯದಲ್ಲಿ ಅವರ ಜಲವರ್ಣಗಳ ಪ್ರದರ್ಶನ ನಡೆದು, ಚಿತ್ರಗಳು ಚೆನ್ನಾಗಿ ಮಾರಾಟವಾಗಿ, ಅದೇ ಹಣದಲ್ಲಿ ಅವರು ಬಾಸ್ಟನ್ನಿಗೂ ಯುರೋಪಿಗೂ ಹೋದರು. ಜಪಾನಿಗೆ ಮರಳಿದ ಮೇಲೆ ಸಂಗಾತಿಗಳೊಡನೆ ಸೇರಿ ‘ತೈಹೆಯೊ ಗಕಾಯ್’ ಎಂಬ ಚಿತ್ರಕಾರರ ಸಂಘವನ್ನು ಕಟ್ಟಿದರು. ಅಲ್ಲಿಂದ ಮುಂದೆ ಇಪ್ಪತ್ತು ವರ್ಷ ಅವರು ಹೆಸರುವಾಸಿಯಾದ ತೈಲವರ್ಣ, ಜಲವರ್ಣ ಚಿತ್ರಕಾರರಾಗಿಯೇ ಇದ್ದರು.

ಅಚ್ಚಿನ ಕೆಲಸಕ್ಕೆ ಅವರನ್ನು ಮೊದಲು ಎಳೆದುಕೊಂಡವರು ಪ್ರಕಾಶಕ ಶೊಝಾಬುರೊ ವತಾನಾಬೆ. 1920ರಿಂದ ಯೋಶಿದಾ ಈ ಪ್ರಕಾಶಕರಿಗಾಗಿ ಕೆಲವು ಚಿತ್ರಗಳನ್ನು ರಚಿಸಿಕೊಟ್ಟರು, ಕೆತ್ತುವವರೂ ಅಚ್ಚೊತ್ತುವವರೂ ವತಾನಾಬೆಯ ಕುಶಲಕರ್ಮಿಗಳೇ ಆಗಿದ್ದರು. 1923ರ ಸೆಪ್ಟೆಂಬರ್ 1ರಂದು ಸಂಭವಿಸಿದ ಕಾಂತೊ ಮಹಾಭೂಕಂಪದಲ್ಲಿ, ಅದರ ಬೆನ್ನಿಗೇ ಹತ್ತಿದ ಬೆಂಕಿಯಲ್ಲಿ ವತಾನಾಬೆಯ ಅಂಗಡಿಯ ಜೊತೆಗೆ ಯೋಶಿದಾರ ಹಲಗೆಗಳೂ ಸುಟ್ಟುಹೋದವು. ಸಂತ್ರಸ್ತರಾದ ಸಹಕಲಾವಿದರಿಗೆ ನೆರವಾಗಲೆಂದು ಅವರೆಲ್ಲರ ಚಿತ್ರಗಳನ್ನು ಹೊತ್ತು ಯೋಶಿದಾ, ಪತ್ನಿ ಫುಜಿಯೊ ಅವರೊಡನೆ ಮತ್ತೆ ಅಮೆರಿಕಕ್ಕೆ ಹೊರಟರು. ಅಲ್ಲಿಯ ಜನ ಕ್ಯಾನ್ವಾಸಿನ ಚಿತ್ರಗಳಿಗಿಂತ ಅಚ್ಚಿನ ಚಿತ್ರಗಳನ್ನು ಹೆಚ್ಚು ಆಸಕ್ತಿಯಿಂದ ಕೇಳುತ್ತಿದ್ದರು, ಸಾಧಾರಣವಾದ ಹಳೆಯ ಅಚ್ಚುಗಳಿಗೂ ಬೆಲೆ ಕೊಡುತ್ತಿದ್ದರು. ಇದಕ್ಕಿಂತ ಎಷ್ಟೋ ಉತ್ತಮವಾದುದನ್ನು ಈ ಕಾಲದಲ್ಲೂ ಮಾಡಬಹುದೆಂಬ ಹಟ ಅವರಲ್ಲಿ ಹುಟ್ಟಿತು. 1925ರಲ್ಲಿ ಊರಿಗೆ ಬಂದವರೇ ಪ್ರಕಾಶಕರ ಹಂಗಿಲ್ಲದೆ ಸ್ವಂತ ಕಾರ್ಯಾಗಾರವನ್ನು ತೆರೆದು, ಕೆತ್ತುವವರನ್ನೂ ಅಚ್ಚೊತ್ತುವವರನ್ನೂ ತಾವೇ ನೇಮಿಸಿಕೊಂಡರು. ಆಗ ಅವರಿಗೆ ಐವತ್ತು ಸಮೀಪಿಸಿತ್ತು. ಇಂದು ನಾವು ಯೋಶಿದಾ ಎಂದು ಗುರುತಿಸುವ ಬಹುತೇಕ ಎಲ್ಲವೂ ಅದರ ನಂತರದ್ದು. ತಡವಾಯಿತೆಂದು ಕೊರಗುವ ವಿದ್ಯಾರ್ಥಿಗಳು ಈ ಒಂದು ಸಂಗತಿಯನ್ನು ನೆನಪಿಟ್ಟುಕೊಂಡರೆ ನನಗೆ ಸಂತೋಷ.

ಪ್ರಶ್ನೆ: ಅದೇ ಹಲಗೆಯಿಂದ ಬೆಳಗಿನ ಚಿತ್ರವನ್ನೂ ರಾತ್ರಿಯ ಚಿತ್ರವನ್ನೂ ತೆಗೆಯುವುದು ಹೇಗೆ? ಮಕ್ಕಳಿಗೆ ವಿವರಿಸಬೇಕಾಗಿದೆ.
— ಚಿತ್ರಕಲಾ ಶಿಕ್ಷಕಿ, ಶಿರಸಿ

ಉತ್ತರ: ಮೊದಲು ಗೆರೆಗಳ ಹಲಗೆ. ಚಿತ್ರದ ರೇಖೆಗಳನ್ನು ತೆಳು ಕಾಗದದ ಮೇಲೆ ಬರೆದು, ಅದನ್ನು ಮಗುಚಿ ಚೆರ‍್ರಿ ಮರದ ಹಲಗೆಗೆ ಅಂಟಿಸಿ, ಗೆರೆಯನ್ನು ಉಳಿಸಿಕೊಂಡು ಸುತ್ತಲಿನ ಮರವನ್ನು ಉಳಿಯಿಂದ ತೆಗೆಯುತ್ತಾರೆ. ಆಮೇಲೆ ಒಂದೊಂದು ಬಣ್ಣದ ಜಾಗಕ್ಕೂ ಬೇರೆ ಬೇರೆ ಹಲಗೆಗಳನ್ನು ಕೆತ್ತುತ್ತಾರೆ. ಪ್ರತಿಯೊಂದು ಹಲಗೆಯ ಮೂಲೆಯಲ್ಲೂ ಅಂಚಿನಲ್ಲೂ ಒಂದೊಂದು ಕಚ್ಚು ಇರುತ್ತದೆ. ಕಾಗದವನ್ನು ಪ್ರತಿ ಸಲವೂ ಆ ಕಚ್ಚುಗಳಿಗೆ ಸರಿಯಾಗಿ ಕೂರಿಸಿದರೆ ಬಣ್ಣ ಗೆರೆಯಿಂದ ಆಚೀಚೆ ಸರಿಯುವುದಿಲ್ಲ. ನೀರಿನಲ್ಲಿ ಕದಡಿದ ಬಣ್ಣವನ್ನು ಸ್ವಲ್ಪ ಅಕ್ಕಿಗಂಜಿಯೊಡನೆ ಬ್ರಷ್ಷಿನಿಂದ ಹಲಗೆಗೆ ಸವರಿ, ಹದವಾಗಿ ತೇವವಾಗಿಸಿದ ಕಾಗದವನ್ನು ಅದರ ಮೇಲೆ ಹಾಸಿ, ಬಿದಿರಿನ ಹಾಳೆ ಸುತ್ತಿದ ‘ಬರೆನ್’ ಎಂಬ ದುಂಡನೆಯ ಬಿಲ್ಲೆಯಿಂದ ಕಾಗದದ ಬೆನ್ನನ್ನು ಉಜ್ಜುತ್ತಾರೆ. ಯಂತ್ರದ ಒತ್ತಡವಿಲ್ಲ, ಎಲ್ಲವೂ ತೋಳಿನ ಬಲ. ತೇವ ಹೆಚ್ಚಾದರೆ ಕಾಗದ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಎರಡರಲ್ಲಿ ಯಾವುದು ಆದರೂ ಕಾಗದ ಕಚ್ಚಿಗೆ ಸರಿಯಾಗಿ ಕೂರುವುದಿಲ್ಲ. 1928ರ ‘ಭೋರ್ಗರೆವ ಹೊಳೆ’ಯಂಥ, 80 ಸೆಂಟಿಮೀಟರಿಗೂ ಹೆಚ್ಚು ಅಗಲವಾದ ಅಚ್ಚುಗಳಲ್ಲಿ ಈ ಕಷ್ಟ ಎಷ್ಟಿದ್ದೀತೆಂದು ಮಕ್ಕಳೇ ಊಹಿಸಲಿ.

ಬೆಳಕಿನ ಗುಟ್ಟು ಬಣ್ಣ ಸವರುವ ಹಂತದಲ್ಲಿದೆ. ಹಲಗೆಯ ಒಂದು ತುದಿಗೆ ಬಣ್ಣ, ಇನ್ನೊಂದು ತುದಿಗೆ ಬರಿಯ ನೀರು ಸವರಿ ನಡುವೆ ಬ್ರಷ್ಷಾಡಿಸಿದರೆ ಗಾಢದಿಂದ ತಿಳಿಗೆ ಇಳಿಯುವ ಛಾಯೆ ಸಿಗುತ್ತದೆ. ಉಕಿಯೊ-ಎ ಎಂಬ ಜಪಾನಿನ ಹಳೆಯ ಮರದಚ್ಚಿನ ಪರಂಪರೆಯ ಕಲಾವಿದರೂ ಇದನ್ನು ಬಲ್ಲವರೇ. ಯೋಶಿದಾ ಅದರ ಕೆಳಗೆ ತಿಳಿ ಬೂದು ಬಣ್ಣದ ಪದರಗಳನ್ನು ಸೇರಿಸಿದರು. ಬೂದಿನ ಮೇಲೆ ಬಂದ ನೀಲಿಯೋ ಹಸಿರೋ ತನ್ನ ಕಟುತ್ವ ಕಳೆದುಕೊಂಡು ದೂರಕ್ಕೆ ಸರಿದಂತೆ ಕಾಣುತ್ತದೆ, ಗಾಳಿಗೆ ತೂಕ ಬರುತ್ತದೆ. ಹೀಗೆ ಪದರದ ಮೇಲೆ ಪದರ ಒತ್ತುತ್ತ ಹೋಗಿ, ಜಪಾನಿನ ನಿಕ್ಕೊ ಊರಿನ ದೇಗುಲದ ಯೋಮೆಯ್ ಮಹಾದ್ವಾರದ 1937ರ ಅಚ್ಚಿಗೆ ಒಂದೇ ಹಾಳೆಯ ಮೇಲೆ 96 ಸಲ ಅಚ್ಚೊತ್ತಿದರು. ಆ ದ್ವಾರದ ಮೈತುಂಬ ಇರುವ ಕೆತ್ತನೆ, ಬಣ್ಣ, ಹೊನ್ನಿನ ಲೇಪ ಅಷ್ಟನ್ನು ಬೇಡುತ್ತಿತ್ತು.

ನಿಮ್ಮ ಮಕ್ಕಳಿಗೆ ತೋರಿಸಲು 1926ರ ‘ಹಾಯಿದೋಣಿಗಳು’ ಸರಣಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಜಪಾನಿನ ಒಳಗಡಲಾದ ಸೆತೊ ಸಮುದ್ರದಲ್ಲಿ ಹಾಯಿ ಬಿಚ್ಚಿ ನಿಂತ ದೋಣಿಗಳು, ಕೆಳಗೆ ಅವುಗಳ ಉದ್ದನೆಯ ಪ್ರತಿಬಿಂಬ, ಚಿತ್ರದಲ್ಲಿರುವುದು ಇಷ್ಟೇ. ಇದೇ ಹಲಗೆಗಳಿಂದ ಬೆಳಗು, ಮುಂಜಾವು ಕಳೆದ ಹೊತ್ತು, ಮಧ್ಯಾಹ್ನ, ಮಂಜು, ಸಂಜೆ, ರಾತ್ರಿ ಎಂದು ಆರು ಅಚ್ಚುಗಳು ಬಂದಿವೆ. ಬೆಳಗಿನದರಲ್ಲಿ ಬಿಸಿಲು ಹಾಯಿಯ ಹಿಂದಿನಿಂದ ಬರುತ್ತದೆ, ನೀರು ಹಳದಿಯಾಗಿ ಮಿನುಗುತ್ತದೆ. ಮಂಜಿನದರಲ್ಲಿ ಹಿಂದಿನ ದೋಣಿಗಳು ಇವೆಯೋ ಇಲ್ಲವೋ ಎಂಬಷ್ಟು ಕರಗಿರುತ್ತವೆ. ರಾತ್ರಿಯದು ಪೂರ್ತಿ ನೀಲಿ. ಗೆರೆ ಒಂದಿಷ್ಟೂ ಬದಲಾಗಿಲ್ಲ. ಫ್ರಾನ್ಸಿನ ಚಿತ್ರಕಾರ ಕ್ಲೋಡ್ ಮೊನೆ 1890ರ ಸುಮಾರಿಗೆ ಹುಲ್ಲು ಬಣವೆಗಳನ್ನು ಬೇರೆ ಬೇರೆ ಹೊತ್ತಿನಲ್ಲಿ ಬರೆದಾಗ ಪ್ರತಿ ಸಲವೂ ಹೊಸ ಕ್ಯಾನ್ವಾಸ್, ಹೊಸ ರೇಖೆಗಳಿಂದ ಆರಂಭಿಸುತ್ತಿದ್ದರು. ಯೋಶಿದಾರಲ್ಲಿ ಆಕಾರ ಸ್ಥಿರವಾಗಿ ನಿಂತುಬಿಟ್ಟಿರುವುದರಿಂದ ನಮ್ಮ ಕಣ್ಣು ಬೆಳಕೊಂದನ್ನೇ ಹಿಂಬಾಲಿಸುತ್ತದೆ, ಒಂದೇ ಸಾಹಿತ್ಯದ ಕೀರ್ತನೆಯನ್ನು ಬೇರೆ ಬೇರೆ ರಾಗಗಳಲ್ಲಿ ಕೇಳಿದಾಗ ಕಿವಿ ರಾಗವನ್ನೇ ಹಿಡಿಯುವ ಹಾಗೆ. ಶಾಲೆಯಲ್ಲಿ ಚೆರ‍್ರಿ ಹಲಗೆ ಬೇಡ, ಲಿನೋಲಿಯಂ ತುಂಡೊಂದರ ಮೇಲೆ ಎದುರಿನ ಗುಡ್ಡವನ್ನು ಕೆತ್ತಿಸಿ, ಒಂದೇ ತುಂಡಿನಿಂದ ಬೆಳಗನ್ನೂ ಸಂಜೆಯನ್ನೂ ಒತ್ತಿಸಿ ನೋಡಿ.

ಪ್ರಶ್ನೆ: ಯೋಶಿದಾ ಭಾರತಕ್ಕೆ ಬಂದಿದ್ದರೆಂದು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿರಿ. ಇಲ್ಲಿ ಅವರು ಏನನ್ನು ನೋಡಿದರು?
— ಗೃಹಿಣಿ, ಮೈಸೂರು

ಉತ್ತರ: 1930ರ ಕೊನೆಯಲ್ಲಿ ಹಿರಿಯ ಮಗ ತೋಶಿಯನ್ನು ಕರೆದುಕೊಂಡು ಅವರು ಭಾರತ ಮತ್ತು ಆಗ್ನೇಯ ಏಷ್ಯಾದ ಪ್ರಯಾಣಕ್ಕೆ ಹೊರಟರು. ತೋಶಿಗೆ ಆಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ದಕ್ಷಿಣದಲ್ಲಿ ಮಧುರೆಯ ದೇವಾಲಯ, ಅಜಂತಾ, ಎಲ್ಲೋರಾ, ಸಾಂಚಿ, ಉದಯಪುರದ ಸರೋವರದ ನಡುವಿನ ಅರಮನೆಗಳು, ಜೈಪುರದ ಅಜ್ಮೇರಿ ಗೇಟಿನ ಬೀದಿ, ಆಗ್ರಾ, ಫತೇಪುರ್ ಸಿಕ್ರಿ, ಕಾಶಿಯ ಘಟ್ಟಗಳು, ಅಮೃತಸರದ ಸ್ವರ್ಣಮಂದಿರ, ಲಾಹೋರಿನ ಶಾಲಿಮಾರ್ ತೋಟ, ಡಾರ್ಜಿಲಿಂಗಿನಿಂದ ಕಾಣುವ ಕಾಂಚನಜುಂಗಾ ಹೀಗೆ ಅವರ ದಾರಿ ಹರಡಿಕೊಂಡಿತ್ತು. ಟೋಕಿಯೊಗೆ ಮರಳಿ 1931 ಮತ್ತು 1932ರಲ್ಲಿ ಅವರು ಮಾಡಿದ ಸರಣಿಯಲ್ಲಿ 32 ಅಚ್ಚುಗಳಿವೆ, ರಂಗೂನಿನ ಶ್ವೇದಗಾನ್ ಪಗೋಡಾ ಮತ್ತು ಸಿಂಗಪುರದ ನೋಟವೂ ಅವುಗಳಲ್ಲಿ ಸೇರಿವೆ.

ತಾಜ್ ಮಹಲನ್ನು ಅವರು ಹಗಲಿನಲ್ಲಿ, ಬೆಳಗಿನ ಮಂಜಿನಲ್ಲಿ, ಬೆಳದಿಂಗಳಲ್ಲಿ ಮೂಡಿಸಿದ್ದಾರೆ. ಇವು ಪ್ರಸಿದ್ಧವಾಗಿವೆ, ಚೆನ್ನಾಗಿಯೂ ಇವೆ. ಆದರೆ ಭಾರತದ ಅಚ್ಚುಗಳಲ್ಲಿ ಒಂದನ್ನು ಮಾತ್ರ ಆರಿಸಬೇಕೆಂದರೆ ನಾನು ಫತೇಪುರ್ ಸಿಕ್ರಿಯದನ್ನು ಆರಿಸುತ್ತೇನೆ. ಅದರಲ್ಲಿ ಆ ಊರಿನ ದೊಡ್ಡ ಬಾಗಿಲೂ ಇಲ್ಲ, ಗೋಪುರವೂ ಇಲ್ಲ. ನೆರಳು ತುಂಬಿದ ಒಳಾಂಗಣವೊಂದಿದೆ, ಹಿಂದೆ ಕಲ್ಲಿನ ಜಾಲಂಧ್ರವಿದೆ, ಅದರ ಸಣ್ಣ ಸಣ್ಣ ರಂಧ್ರಗಳಿಂದ ಹೊರಗಿನ ಬಿಸಿಲು ಕೆಂಪು ಹಳದಿಯಾಗಿ ಸೋಸಿಕೊಂಡು ಒಳಗೆ ಬರುತ್ತಿದೆ, ಆ ತಂಪಿನಲ್ಲಿ ಜನ ಸುಮ್ಮನೆ ಕುಳಿತಿದ್ದಾರೆ. ನಮ್ಮ ಕಡೆಯ ಹಳೆಯ ಕಲ್ಲು ಕಟ್ಟಡಗಳಲ್ಲಿ ಬೇಸಿಗೆಯ ಮಧ್ಯಾಹ್ನ ಕುಳಿತವರಿಗೆಲ್ಲ ಗೊತ್ತಿರುವ ಬೆಳಕು ಅದು. ಹೊರಗಿನ ಉರಿಯನ್ನು ನೇರವಾಗಿ ಬರೆಯದೆ, ನೆರಳಿನೊಳಗಿಂದ ಅದನ್ನು ತಿಳಿಸುವ ಈ ಕ್ರಮ ಭಾರತದ ಬಿಸಿಲಿಗೆ ತಕ್ಕುದಾಗಿದೆ. ತಂಪು ದೇಶದಿಂದ ಬಂದ, ಕೆಲವೇ ತಿಂಗಳು ಇದ್ದುಹೋದ ಒಬ್ಬರು ಇದನ್ನು ಇಷ್ಟು ನಿಖರವಾಗಿ ಹಿಡಿದರಲ್ಲ ಎಂದು ನನಗೆ ಪ್ರತಿ ಸಲವೂ ಆಶ್ಚರ್ಯವಾಗುತ್ತದೆ.

ಕಾಂಚನಜುಂಗಾದ ಅಚ್ಚುಗಳ ಹಿಂದೆ ಬೇರೆಯದೇ ಒಲವಿದೆ. ಯೋಶಿದಾ ಪರ್ವತಾರೋಹಿ. ಜಪಾನಿನ ಆಲ್ಪ್ಸ್ ಎನ್ನಿಸಿಕೊಂಡ ಶಿಖರಗಳಿಗೆ ಬೇಸಿಗೆಯಲ್ಲಿ ಏರಿ, ಮೇಲೆ ಬಿಡಾರ ಹೂಡಿ, ಮೋಡ ಸರಿದು ಬೆಳಕು ತಮಗೆ ಬೇಕಾದಂತೆ ಬರುವವರೆಗೆ ಕಾಯುತ್ತಿದ್ದವರು. 1926ರಲ್ಲಿ ಹುಟ್ಟಿದ ಎರಡನೆಯ ಮಗನಿಗೆ ಅವರು ಇಟ್ಟ ಹೊಡಾಕಾ ಎಂಬ ಹೆಸರೂ ಒಂದು ಶಿಖರದ್ದೇ.

ಪ್ರಶ್ನೆ: ಡಲಿಚ್ ಪ್ರದರ್ಶನವನ್ನು ನೋಡಿದೆ. ಚಿತ್ರಗಳು ಕಣ್ಣಿಗೆ ಹಿತವಾಗಿದ್ದವು, ಆದರೂ ಪ್ರವಾಸಿಗರ ಪಿಕ್ಚರ್ ಪೋಸ್ಟ್‌ಕಾರ್ಡುಗಳಂತೆ ತೋರಿದವು. ನನ್ನ ಅನಿಸಿಕೆ ಅನ್ಯಾಯದ್ದೇ?
— ಕನ್ನಡಿಗರೊಬ್ಬರು, ಲಂಡನ್

ಉತ್ತರ: ಪೂರ್ತಿ ಅನ್ಯಾಯದ್ದಲ್ಲ. ಅವರ ಚಿತ್ರಗಳಲ್ಲಿ ಮನುಷ್ಯರು ಸಾಮಾನ್ಯವಾಗಿ ಸಣ್ಣವರು. ದೋಣಿಯಲ್ಲಿ, ಘಟ್ಟದಲ್ಲಿ, ಬೀದಿಯಲ್ಲಿ ಇರುತ್ತಾರೆ, ಅವರ ಮುಖ ನಮಗೆ ನೆನಪಿರುವುದಿಲ್ಲ. ಅವರು ಭಾರತಕ್ಕೆ ಬಂದ ಹೊತ್ತನ್ನು ಯೋಚಿಸಿ. 1930ರ ವಸಂತದಲ್ಲಿ ದಾಂಡಿಯಲ್ಲಿ, ನಮ್ಮ ಅಂಕೋಲೆಯಲ್ಲಿ ಜನ ಕಾನೂನು ಮುರಿದು ಉಪ್ಪು ಮಾಡಿದ್ದರು. ಸಾವಿರಾರು ಮಂದಿ ಜೈಲಿನಲ್ಲಿದ್ದರು, ಗಾಂಧೀಜಿಯ ಬಿಡುಗಡೆಯಾದದ್ದು 1931ರ ಜನವರಿ ಕೊನೆಯಲ್ಲಿ. ಆ ಕುದಿತದ ಸುಳಿವು ಅವರ ಅಚ್ಚುಗಳಲ್ಲಿ ಎಲ್ಲಿಯೂ ಇಲ್ಲ. ಅಮೆರಿಕದಲ್ಲಿ ಕೊಳ್ಳುವವರಿದ್ದಾರೆಂಬ ಅರಿವೂ ಅವರಿಗಿತ್ತು. ಅಚ್ಚಿನ ಅಂಚಿನಲ್ಲಿ ಚಿತ್ರದ ಹೆಸರನ್ನೂ ತಮ್ಮ ಸಹಿಯನ್ನೂ ಇಂಗ್ಲಿಷಿನಲ್ಲಿ ಪೆನ್ಸಿಲ್ಲಿನಿಂದ ಬರೆಯುತ್ತಿದ್ದುದು ಅದಕ್ಕೇ. 1930 ಮತ್ತು 1936ರಲ್ಲಿ ಅಮೆರಿಕದ ಟೊಲೀಡೊ ಸಂಗ್ರಹಾಲಯದಲ್ಲಿ ನಡೆದ ಆಧುನಿಕ ಜಪಾನಿ ಅಚ್ಚುಗಳ ಪ್ರದರ್ಶನಗಳಿಗೆ ಅವರು ನೆರವಾದವರು. ಮುಂದೆ 1938ರಿಂದ ಕೆಲವು ಸಲ ಯುದ್ಧಚಿತ್ರಕಾರರಾಗಿ ಚೀನಾಕ್ಕೂ ಹೋದರು. ಜಪಾನಿನ ಸೈನ್ಯ ಆ ದೇಶದಲ್ಲಿ ನಡೆಸಿದ್ದೇನು ಎಂಬುದು ಈಗ ಜಗತ್ತಿಗೆ ತಿಳಿದಿದೆ. ಸಿಂಹಾವಲೋಕನ ಎಂದು ಕರೆದುಕೊಳ್ಳುವ ಪ್ರದರ್ಶನ ಆ ವರ್ಷಗಳನ್ನು ಹಾರಿಸಿ ಮುಂದೆ ಹೋಗಬಾರದು, ಅವನ್ನೂ ಗೋಡೆಯ ಮೇಲೆ ಇಟ್ಟು, ಪಕ್ಕದಲ್ಲಿ ಸ್ಪಷ್ಟವಾಗಿ ಬರೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಷ್ಟಾದ ಮೇಲೂ ಪೋಸ್ಟ್‌ಕಾರ್ಡ್ ಎಂಬ ಮಾತನ್ನು ನಾನು ಒಪ್ಪಲಾರೆ. ಪೋಸ್ಟ್‌ಕಾರ್ಡಿಗೆ ಸ್ಥಳ ಗುರುತು ಸಿಕ್ಕರೆ ಸಾಕು. ಯೋಶಿದಾರ ಸ್ಫಿಂಕ್ಸಿನ ಹಗಲು ಮತ್ತು ರಾತ್ರಿಯ ಅಚ್ಚುಗಳನ್ನು ಜೊತೆಗಿಟ್ಟರೆ ಸ್ಫಿಂಕ್ಸ್ ನೆಪವಾಗಿ ಹಿಂದೆ ಸರಿಯುತ್ತದೆ, ಮರಳುಗಾಡಿನ ಕಾವು ಇಳಿಯುವುದು ಮುಂದೆ ಬರುತ್ತದೆ. ನೀವು ಮತ್ತೆ ಅಂಥ ಪ್ರದರ್ಶನಕ್ಕೆ ಹೋದರೆ ಒಂದೇ ಹಲಗೆಯ ಜೋಡಿಗಳ ಎದುರು ಹೆಚ್ಚು ಹೊತ್ತು ನಿಂತು ನೋಡಿ, ನಿಮ್ಮ ಅನಿಸಿಕೆ ಬದಲಾಗಬಹುದು.

ಡಲಿಚ್‌ಗೂ ಅವರಿಗೂ ಹಳೆಯ ನಂಟಿದೆ. ಆ ಮೊದಲ ಪ್ರಯಾಣದಲ್ಲಿ, 1900ರಲ್ಲಿ, ಅವರು ಇದೇ ಗ್ಯಾಲರಿಗೆ ಭೇಟಿ ಕೊಟ್ಟು ಸಂದರ್ಶಕರ ಪುಸ್ತಕದಲ್ಲಿ ಸಹಿ ಹಾಕಿದ್ದರು. ಅಲ್ಲಿಯ ಪ್ರದರ್ಶನದಲ್ಲಿ ಕುಟುಂಬದ ಹೆಂಗಸರ ಕೆಲಸಕ್ಕೂ ಜಾಗ ಸಿಕ್ಕಿದ್ದು ನನಗೆ ಬಹಳ ಸಮಾಧಾನ ತಂದ ಸಂಗತಿ. ಫುಜಿಯೊ ಸ್ವತಃ ನುರಿತ ಜಲವರ್ಣ ಕಲಾವಿದೆ. ಇಪ್ಪತ್ತು ತುಂಬುವ ಮೊದಲೇ ಹಿರೋಶಿ ಜೊತೆ ಅಮೆರಿಕ, ಯುರೋಪ್ ಸುತ್ತಿ ಅಲ್ಲಿ ತಮ್ಮ ಚಿತ್ರಗಳನ್ನು ಪ್ರದರ್ಶಿಸಿದವರು, ಅರವತ್ತು ದಾಟಿದ ಮೇಲೆ ಹೂವಿನ ಒಡಲನ್ನು ಹತ್ತಿರದಿಂದ ಕಂಡ ಅಚ್ಚುಗಳನ್ನು ಮಾಡಿದವರು. ಸೊಸೆ ಚಿಝುಕೊ, ಮೊಮ್ಮಗಳು ಅಯೊಮಿ ಇಬ್ಬರೂ ಅಚ್ಚಿನ ಕಲೆಯನ್ನು ತಮ್ಮದೇ ದಿಕ್ಕಿಗೆ ಒಯ್ದವರು.

ಪ್ರಶ್ನೆ: ನಮ್ಮ ತಂದೆಯವರ ಸಂಗ್ರಹದಲ್ಲಿ ಯೋಶಿದಾ ಹೆಸರಿನ ಅಚ್ಚೊಂದಿದೆ. ಅದು ಅವರ ಕಾಲದ್ದೇ ಎಂದು ತಿಳಿಯುವುದು ಹೇಗೆ? ಗೋಡೆಗೆ ಹಾಕಬಹುದೇ?
— ಬ್ಯಾಂಕ್ ಉದ್ಯೋಗಿ, ಬೆಂಗಳೂರು

ಉತ್ತರ: ಎಡ ಅಂಚನ್ನು ನೋಡಿ. ಅಲ್ಲಿ ‘ಜಿಝುರಿ’ ಎಂಬ ಎರಡು ಜಪಾನಿ ಅಕ್ಷರಗಳ ಮುದ್ರೆಯಿದ್ದರೆ ಅಚ್ಚೊತ್ತುವ ಕೆಲಸ ಯೋಶಿದಾರ ಸ್ವಂತ ಮೇಲ್ವಿಚಾರಣೆಯಲ್ಲಿ ನಡೆದಿದೆ ಎಂದರ್ಥ. ಕೆಳಗಿನ ಅಂಚಿನಲ್ಲಿ ಪೆನ್ಸಿಲ್ ಸಹಿಯೂ ಇದ್ದರೆ ಅದು ಅವರ ಜೀವಿತಕಾಲದ್ದೆಂಬುದಕ್ಕೆ ಇನ್ನಷ್ಟು ಬಲ ಬರುತ್ತದೆ. ಅವರು ತೀರಿಕೊಂಡ ಮೇಲೆ ಅದೇ ಹಲಗೆಗಳಿಂದ ಕುಟುಂಬದವರು ಒತ್ತಿಸಿದ ಅಚ್ಚುಗಳಲ್ಲಿ ಸಾಮಾನ್ಯವಾಗಿ ಆ ಮುದ್ರೆ ಇರುವುದಿಲ್ಲ. ಅವೂ ಸುಂದರವಾದ ಅಚ್ಚುಗಳೇ, ಬೆಲೆ ಮಾತ್ರ ಕಡಿಮೆ. ಆದರೆ ಸಹಿ, ಮುದ್ರೆ ಎರಡನ್ನೂ ನಕಲು ಮಾಡುವವರಿರುವುದರಿಂದ ಕಾಗದ ಬಲ್ಲ ಪರಿಣತರಿಗೆ ತೋರಿಸದೆ ಮಾರಬೇಡಿ.

ಗೋಡೆಗೆ ಹಾಕಬಹುದು, ಆದರೆ ಕಿಟಕಿಯ ಎದುರಿಗೆ ಬೇಡ. ಈ ಬಣ್ಣಗಳೂ ಕಾಗದವೂ ಬೆಳಕಿಗೆ ಬೇಗ ಬಾಡುತ್ತವೆ. ಸಂಗ್ರಹಾಲಯಗಳಲ್ಲಿ ಇಂಥವುಗಳ ಮೇಲೆ 50 ಲಕ್ಸ್‌ನಷ್ಟು (ಲಕ್ಸ್ ಎಂದರೆ ಬೆಳಕಿನ ಅಳತೆ) ಮಂದ ಬೆಳಕನ್ನು ಮಾತ್ರ ಬಿಡುತ್ತಾರೆ, ಕೆಲವು ತಿಂಗಳು ತೋರಿಸಿದ ಮೇಲೆ ವರ್ಷಗಟ್ಟಲೆ ಕತ್ತಲೆಯಲ್ಲಿ ಇಡುತ್ತಾರೆ. ಆಮ್ಲವಿಲ್ಲದ ರಟ್ಟಿನ ಚೌಕಟ್ಟು, ನೇರಳಾತೀತ ಕಿರಣ ತಡೆಯುವ ಗಾಜು ಹಾಕಿಸಿ. ಹಿಂಬದಿಗೆ ಸೆಲ್ಲೊಟೇಪ್ ಅಂಟಿಸಲು ಚೌಕಟ್ಟಿನವರಿಗೆ ಬಿಡಬೇಡಿ, ಅದರ ಕಲೆ ಕಾಗದದಿಂದ ಹೋಗುವುದಿಲ್ಲ. ಮಳೆಗಾಲದಲ್ಲಿ ಹೊರಗೋಡೆಯ ಥಂಡಿ ತಗಲುವ ಕಡೆಯಿಂದ ತೆಗೆದು ಒಳಗೋಡೆಗೆ ಹಾಕಿ.